ಹಾಲೊಡಕಿನಿಂದ ಪ್ರೋಟೀನ್ ಉತ್ಪಾದನೆ

ಹಾಲೊಡಕು ಎಂದರೆ ಪನೀರ್ ಅಥವಾ ಚೀಸ್ ತಯಾರಿಸುವಾಗ ಒಡೆದ ಹಾಲಿನ ಗಟ್ಟಿ ಭಾಗವನ್ನು ಬೇರ್ಪಡಿಸಿದ ನಂತರ ಉಳಿಯುವ ತಿಳಿ ದ್ರವ. ಕುಲಾಂತರಿ ಸೂಕ್ಷ್ಮಜೀವಿಗಳಿಗೆ ಇದನ್ನು ಆಹಾರವಾಗಿ ನೀಡಿ ಕಿಣ್ವ ಮೊದಲಾದ ಬೆಲೆಬಾಳುವ ಪ್ರೋಟೀನುಗಳನ್ನು ಪಡೆಯಬಹುದು.

ಒಂದು ಕಿಲೋ ಚೀಸ್‌ಗೆ ಸುಮಾರು 9 ಲೀಟರ್ ಹಾಲೊಡಕು ಹೊರಬರುತ್ತದೆ. ಅದರಲ್ಲಿ ಶೇ. 93ರಷ್ಟು ನೀರು, ಶೇ. 5ರ ಆಸುಪಾಸು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ, ಶೇ. 1ಕ್ಕಿಂತ ಕಡಿಮೆ ಪ್ರೋಟೀನ್ ಇರುತ್ತವೆ. ನೋಡಲು ನಿರುಪದ್ರವಿಯಾದರೂ ಹಳ್ಳಕ್ಕೆ ಬಿಟ್ಟರೆ ಒಂದು ಲೀಟರ್ ಹಾಲೊಡಕು ಕೊಳೆಯುವಾಗ 30 ಗ್ರಾಂಗೂ ಹೆಚ್ಚು ಆಮ್ಲಜನಕವನ್ನು ಹೀರಬಲ್ಲದು. ಜಲಚರಗಳು ಉಸಿರುಗಟ್ಟಿ ಸಾಯುತ್ತವೆ. (ಧಾರವಾಡ ಪೇಡೆಗೆ ಬೇಕಾದ ಖೋವಾ ತಯಾರಿಕೆಯಲ್ಲಿ ನೀರು ಆವಿಯಾಗಿ ಹೋಗುವುದರಿಂದ ಈ ತೊಂದರೆಯಿಲ್ಲ.) ದೊಡ್ಡ ಡೈರಿಗಳು ಹಾಲೊಡಕಿನಲ್ಲಿರುವ ಪ್ರೋಟೀನನ್ನು ಸೂಕ್ಷ್ಮ ಜರಡಿಗಳಿಂದ ಸೋಸಿ ಪುಡಿ ಮಾಡುತ್ತವೆ. ಆದರೆ ಸಕ್ಕರೆಯ ನೀರು ಹಾಗೆಯೇ ಉಳಿಯುತ್ತದೆ. ಸೂಕ್ಷ್ಮಜೀವಿಗಳ ಕೆಲಸ ಆರಂಭವಾಗುವುದು ಇಲ್ಲಿಂದ.

ಕಾರ್ಯವಿಧಾನ

ಬ್ರೆಡ್ ಉಬ್ಬಿಸುವ ಯೀಸ್ಟ್ ಲ್ಯಾಕ್ಟೋಸನ್ನು ತಿನ್ನಲಾರದು. ಆ ಸಕ್ಕರೆಯನ್ನು ಜೀವಕೋಶದೊಳಕ್ಕೆ ಬಿಟ್ಟುಕೊಳ್ಳುವ ದ್ವಾರವಾಗಲಿ, ಒಡೆಯುವ ಕಿಣ್ವವಾಗಲಿ ಅದಕ್ಕಿಲ್ಲ. ಹಾಲಿನಲ್ಲಿ ಬೆಳೆಯುವ ಕ್ಲೈವೆರೊಮೈಸಿಸ್ ಲ್ಯಾಕ್ಟಿಸ್ ಎಂಬ ಯೀಸ್ಟ್‌ಗೆ ಎರಡೂ ಇವೆ. 1985ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಶ್ರೀಕೃಷ್ಣ ಮತ್ತು ಡಿಕ್ಸನ್ ಅವರು ಈ ಎರಡು ಗುಣಗಳ ಜೀನುಗಳನ್ನು ಬ್ರೆಡ್ ಯೀಸ್ಟ್‌ಗೆ ಸೇರಿಸಿ, ಅದು ಲ್ಯಾಕ್ಟೋಸ್ ಉಂಡು ಬೆಳೆಯುವಂತೆ ಮಾಡಿದರು.

ಇನ್ನೊಂದು ದಾರಿಯೆಂದರೆ ಲ್ಯಾಕ್ಟಿಸ್ ಯೀಸ್ಟ್‌ಗೇ ಬೇಕಾದ ಪ್ರೋಟೀನಿನ ಜೀನನ್ನು ಸೇರಿಸುವುದು. ಲ್ಯಾಕ್ಟೋಸ್ ಸಿಕ್ಕಾಗ ಚುರುಕಾಗುವ ಅದರದೇ ಜೀನ್ ಗುಂಡಿಯ ಮುಂದೆ ಹೊಸ ಜೀನನ್ನು ಜೋಡಿಸಿದರೆ, ಉಣಿಸಿದ ಹಾಲೊಡಕೇ ಉತ್ಪಾದನೆಗೆ ಅಪ್ಪಣೆಯೂ ಆಗುತ್ತದೆ. ತಯಾರಾದ ಪ್ರೋಟೀನನ್ನು ಯೀಸ್ಟ್ ಹೊರಕ್ಕೆ ಸ್ರವಿಸುವುದರಿಂದ ಶುದ್ಧೀಕರಣವೂ ಸುಲಭ. ಹಾಲನ್ನು ಹೆಪ್ಪುಗಟ್ಟಿಸುವ, ಹಿಂದೆ ಕರುವಿನ ಜಠರದಿಂದ ತೆಗೆಯುತ್ತಿದ್ದ ಕೈಮೋಸಿನ್ ಕಿಣ್ವವನ್ನು ಇಂದು ಈ ಯೀಸ್ಟ್‌ನಿಂದಲೂ ಪಡೆಯುತ್ತಾರೆ. ಸಸ್ಯಾಹಾರಿಗಳು ಗಮನಿಸಬೇಕಾದ ಸಂಗತಿ ಇದು.

ಕರ್ನಾಟಕದಲ್ಲಿ

ಯೀಸ್ಟ್‌ನಿಂದ ಪ್ರೋಟೀನ್ ತೆಗೆಯುವ ವಿದ್ಯೆ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಪಿಕಿಯಾ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನನ್ನು ಮಾರುಕಟ್ಟೆಗೆ ತಂದಿತು. ಆದರೆ ಪಿಕಿಯಾ ಲ್ಯಾಕ್ಟೋಸ್ ತಿನ್ನದು. ಅದನ್ನು ಹಾಲೊಡಕಿಗೆ ಒಗ್ಗಿಸಬೇಕಾದರೆ ಮತ್ತೆ ಜೀನು ಸೇರಿಸಬೇಕು.

ಮಿತಿಗಳು

ಹಾಲೊಡಕು ಕೆಲವೇ ಗಂಟೆಗಳಲ್ಲಿ ಹುಳಿಯುತ್ತದೆ. ಬಹುಪಾಲು ನೀರೇ ಆದ್ದರಿಂದ ದೂರ ಸಾಗಿಸುವುದು ದುಬಾರಿ. ಜಮಖಂಡಿ ತಾಲೂಕಿನ ಹುನ್ನೂರದಂಥ ಊರಿನಲ್ಲಿ ಸಣ್ಣ ಪನೀರ್ ಘಟಕವೊಂದಿದ್ದರೆ ಅದಕ್ಕೆ ಹುದುಗು ತೊಟ್ಟಿಯ ಬಂಡವಾಳ ಭಾರವಾದೀತು; ದನಗಳಿಗೆ ಕುಡಿಸುವುದೇ ಅಲ್ಲಿ ಲಾಭಕರ. ಭಾರತದಲ್ಲಿ ಕುಲಾಂತರಿ ಜೀವಿಗಳ ಬಳಕೆ 1986ರ ಪರಿಸರ ಸಂರಕ್ಷಣಾ ಕಾಯಿದೆಯಡಿ 1989ರಲ್ಲಿ ರೂಪಿಸಿದ ನಿಯಮಗಳಿಗೆ ಒಳಪಡುತ್ತದೆ.