ಘನ ಜೈವಿಕ ಇಂಧನ: ಅಂಕಿ-ಅಂಶಗಳ ಒಳಗೊಂದು ನೋಟ

ಸೌದೆ, ಇದ್ದಿಲು, ಬೆರಣಿ, ಬೆಳೆಯ ಉಳಿಕೆ, ಕಬ್ಬಿನ ಸಿಪ್ಪೆ ಹಾಗೂ ಮರದ ಪುಡಿಯನ್ನು ಒತ್ತಿ ತಯಾರಿಸಿದ ಪೆಲೆಟ್ಟುಗಳನ್ನು ಅಂತಾರಾಷ್ಟ್ರೀಯ ಇಂಧನ ಲೆಕ್ಕದಲ್ಲಿ ‘ಘನ ಜೈವಿಕ ಇಂಧನ’ ಎಂಬ ಒಂದೇ ಶೀರ್ಷಿಕೆಯಡಿ ಸೇರಿಸುವುದು ವಾಡಿಕೆ. ಜಗತ್ತಿನ ಕಾಡುಗಳಿಂದ ತೆಗೆಯುವ ಮರದಲ್ಲಿ ಸುಮಾರು ಅರ್ಧದಷ್ಟು ಇಂದಿಗೂ ಉರುವಲಾಗಿಯೇ ಬಳಕೆಯಾಗುತ್ತಿದೆ. ಆದರೆ ಈ ಶೀರ್ಷಿಕೆಯಡಿ ಕಾಣುವ ಏರಿಳಿತಗಳಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥವಿಲ್ಲ.

ಯುರೋಪಿನಲ್ಲಿ ಏರಿಕೆಯ ಮೂಲ ಸರ್ಕಾರಿ ನೀತಿ. ಸ್ವೀಡನ್ 1991ರಲ್ಲಿ ಇಂಗಾಲದ ತೆರಿಗೆಯನ್ನು ವಿಧಿಸಿ ಜೈವಿಕ ಇಂಧನಕ್ಕೆ ವಿನಾಯಿತಿ ನೀಡಿತು. ಪಟ್ಟಣಗಳ ಮನೆಗಳಿಗೆ ಕೊಳವೆಗಳ ಮೂಲಕ ಬಿಸಿನೀರು ಪೂರೈಸುವ ಸ್ಥಾವರಗಳು ಕಲ್ಲಿದ್ದಲು, ತೈಲಗಳನ್ನು ತೊರೆದು ಅರಣ್ಯೋದ್ಯಮದ ಉಳಿಕೆಯತ್ತ ಹೊರಳಿದವು. ಅಲ್ಲಿ ಇಂಧನ ಬಹುಮಟ್ಟಿಗೆ ಸ್ಥಳೀಯವಾದುದು. ಬ್ರಿಟನ್ನಿನ ಕಥೆ ಬೇರೆ. ಯಾರ್ಕ್‌ಷೈರಿನ ಡ್ರಾಕ್ಸ್ ವಿದ್ಯುತ್ ಸ್ಥಾವರವು 2013ರಿಂದ ತನ್ನ ಘಟಕಗಳನ್ನು ಒಂದೊಂದಾಗಿ ಕಲ್ಲಿದ್ದಲಿನಿಂದ ಪೆಲೆಟ್ಟಿಗೆ ಬದಲಿಸಿತು. ಪೆಲೆಟ್ಟುಗಳಲ್ಲಿ ಹೆಚ್ಚಿನವು ಅಮೆರಿಕದ ಆಗ್ನೇಯ ರಾಜ್ಯಗಳಿಂದ ಅಟ್ಲಾಂಟಿಕ್ ದಾಟಿ ಬರತೊಡಗಿದವು. 2012ರಲ್ಲಿ ಜಪಾನ್ ಮತ್ತು ದಕ್ಷಿಣ ಕೊರಿಯಾಗಳು ನವೀಕರಿಸಬಹುದಾದ ವಿದ್ಯುತ್ತಿಗೆ ಉತ್ತೇಜನ ನೀಡಿದುದರಿಂದ ವಿಯೆಟ್ನಾಂ ಕೂಡ ಪ್ರಮುಖ ರಫ್ತುದಾರನಾಯಿತು.

ಇಲ್ಲೊಂದು ಲೆಕ್ಕದ ತೊಡಕಿದೆ. ಮರ ಸುಟ್ಟಾಗ ಹೊಮ್ಮುವ ಇಂಗಾಲಾಮ್ಲವನ್ನು ಸುಟ್ಟ ದೇಶದ ಇಂಧನ ಖಾತೆಯಲ್ಲಿ ಶೂನ್ಯವೆಂದು ಹಿಡಿದು, ಮರ ಕಡಿದ ದೇಶದ ಭೂಬಳಕೆಯ ಖಾತೆಯಲ್ಲಿ ನಷ್ಟವೆಂದು ಬರೆಯಲಾಗುತ್ತದೆ. ಎರಡು ಬಾರಿ ಎಣಿಸಬಾರದೆಂಬ ಉದ್ದೇಶವೇನೋ ಸರಿಯಾದುದೇ. ಆದರೆ ಕಡಿದ ಮರ ಮತ್ತೆ ಬೆಳೆಯಲು ದಶಕಗಳೇ ಬೇಕು. ಸಹಾಯಧನ ಮಾತ್ರ ಸುಟ್ಟ ದಿನವೇ ದೊರೆಯುತ್ತದೆ. 2018ರ ಜನವರಿಯಲ್ಲಿ ಸುಮಾರು 800 ವಿಜ್ಞಾನಿಗಳು ಯುರೋಪಿನ ಸಂಸತ್ತಿಗೆ ಪತ್ರ ಬರೆದು, ಉಳಿಕೆ ಮತ್ತು ತ್ಯಾಜ್ಯಗಳನ್ನು ಬಿಟ್ಟು, ಉರಿಸಲೆಂದೇ ಮರ ಕಡಿಯುವುದನ್ನು ಆಕ್ಷೇಪಿಸಿದರು.

ಬಡ ದೇಶಗಳ ಅಂಕಿಗಳು ಇನ್ನೊಂದು ಬಗೆಯವು. ಚೀನಾದಲ್ಲಿ ಅನಿಲ, ವಿದ್ಯುತ್ತು ಮನೆಮನೆಗೆ ತಲಪಿದಂತೆ ಒಲೆಗೆ ಹಾಕುವ ಸೌದೆ, ಹುಲ್ಲು ಇಳಿಮುಖವಾದವು. ಸಹರಾದ ದಕ್ಷಿಣದ ಆಫ್ರಿಕದಲ್ಲಿ ಜನಸಂಖ್ಯೆಯೊಡನೆ ಸೌದೆಯೂ, ನಗರಗಳ ಬೆಳವಣಿಗೆಯೊಡನೆ ಇದ್ದಿಲೂ ಏರುತ್ತಿವೆ. ಪೆಲೆಟ್ಟಿಗೆ ಕಾರ್ಖಾನೆಯ ತೂಕವುಂಟು, ಬಂದರಿನ ರಸೀದಿಯುಂಟು. ಹೆಂಗಸರು ತಲೆಯ ಮೇಲೆ ಹೊತ್ತು ತರುವ ಹೊರೆಗೆ ಅಂತಹ ಯಾವ ದಾಖಲೆಯೂ ಇಲ್ಲ. ಲೆಕ್ಕ ಒದಗಿಸದ ದೇಶಗಳ ಸೌದೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಗಣಿತ ಮಾದರಿಗಳಿಂದ ಅಂದಾಜು ಮಾಡುತ್ತದೆ.

ಈ ಹೊರೆಯನ್ನು ಮನೆಮನೆಯಲ್ಲಿ ಅಳೆದ ಗಣ್ಯ ಪ್ರಯತ್ನವೊಂದು ಕರ್ನಾಟಕದ್ದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು ತುಮಕೂರು ಜಿಲ್ಲೆಯ ಆರು ಹಳ್ಳಿಗಳನ್ನು ಸಮೀಕ್ಷೆಗೆ ಒಳಪಡಿಸಿದರು. ಇಂಧನದಲ್ಲಿ ಸಿಂಹಪಾಲು ಸೌದೆಯದೇ ಎಂದೂ, ಅದರಲ್ಲಿ ಹಣ ಕೊಟ್ಟು ಕೊಂಡುದು ಅತ್ಯಲ್ಪವೆಂದೂ ತಿಳಿದುಬಂದಿತು. ಆಯ್ದು ತಂದ ಸೌದೆಗೆ ತೆತ್ತ ಬೆಲೆ ಹೆಂಗಸರ, ಮಕ್ಕಳ ಹೊತ್ತು ಮತ್ತು ದುಡಿಮೆ.

ಭಾರತದಲ್ಲಿ ಈಗ ಈ ಎರಡು ಲೆಕ್ಕಗಳೂ ಒಟ್ಟಿಗೆ ಸಾಗಿವೆ. 2016ರ ಉಜ್ವಲಾ ಯೋಜನೆ ಸೌದೆಯ ಒಲೆಯನ್ನು ಆರಿಸಲು ಹೊರಟಿತು. 2021ರ ಅಕ್ಟೋಬರಿನ ನೀತಿ ಬೆಳೆಯ ಉಳಿಕೆಯ ಪೆಲೆಟ್ಟುಗಳನ್ನು ಕಲ್ಲಿದ್ದಲಿನೊಡನೆ ಬೆರೆಸಿ ಉರಿಸುವಂತೆ ಉಷ್ಣವಿದ್ಯುತ್ ಸ್ಥಾವರಗಳಿಗೆ ವಿಧಿಸಿತು. ಮೊದಲನೆಯದು ಘನ ಜೈವಿಕ ಇಂಧನದ ಅಂಕಿಯನ್ನು ಇಳಿಸುತ್ತದೆ, ಎರಡನೆಯದು ಏರಿಸುತ್ತದೆ. ಒಟ್ಟು ಮೊತ್ತವನ್ನಷ್ಟೇ ನೋಡುವವರಿಗೆ ಎರಡೂ ಕಾಣುವುದಿಲ್ಲ.