ದುಡಿಯುವ ಕೈಗಳೂ ದೂರದ ಮಾರುಕಟ್ಟೆಯೂ

ನಮ್ಮ ಇಂಡಿಯ ನಿಂಬೆ, ಸಿಂದಗಿಯ ತೊಗರಿ ಪರಊರ ಪೇಟೆ ಕಾಣುವುದನ್ನು ನಾವು ಬಲ್ಲೆವು. ಈಗ ಕನ್ನಡ ನಾಡಿನಲ್ಲಿ ಜೋಡಿಸಿದ ಮೊಬೈಲುಗಳೂ ಸಾಗರ ದಾಟುತ್ತಿವೆ. ಇದರ ಬೇರು ಹಳೆಯದು. 1948ರಲ್ಲಿ ಬೆಂಗಳೂರಿನಲ್ಲಿ ದೂರವಾಣಿ ತಯಾರಿಸುವ ಐ.ಟಿ.ಐ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. 1976ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಹುಟ್ಟಿತು, ಆರ್. ಕೆ. ಬಾಳಿಗರ ಮುಂದಾಳತ್ವದಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಹೀಗೆ ಕುಶಲ ಕೈಗಳು ಸಿದ್ಧವಾದವು.

2020ರಲ್ಲಿ ಕೇಂದ್ರ ಸರ್ಕಾರವು ಉತ್ಪಾದನೆಗೆ ತಕ್ಕಂತೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ತಂದ ಮೇಲೆ ಮೊಬೈಲ್ ರಫ್ತು ವೇಗ ಪಡೆಯಿತು. ಕೋಲಾರ ಜಿಲ್ಲೆಯ ನರಸಾಪುರದ ಐಫೋನ್ ಕಾರ್ಖಾನೆಯನ್ನು 2023ರಲ್ಲಿ ವಿಸ್ಟ್ರಾನ್ ಕಂಪನಿಯಿಂದ ಟಾಟಾ ಸಂಸ್ಥೆ ಕೊಂಡಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ 2025ರಲ್ಲಿ ತಯಾರಿಕೆಗೆ ತೊಡಗಿತು.

ಆದರೆ ಹೊಳಪಿನ ಹಿಂದೆ ನೆರಳೂ ಇದೆ. ಚಿಪ್ ಮೊದಲಾದ ಬೆಲೆಬಾಳುವ ಭಾಗಗಳು ಬಹುಮಟ್ಟಿಗೆ ಹೊರದೇಶದವು; ಜೋಡಣೆಯ ಕೂಲಿ ಮಾತ್ರ ನಮ್ಮದು. ಅದೇ ನರಸಾಪುರದಲ್ಲಿ 2020ರ ಡಿಸೆಂಬರಿನಲ್ಲಿ ಬಾಕಿ ವೇತನದ ಅಸಮಾಧಾನ ದೊಂಬಿಯಾಗಿ ಸಿಡಿಯಿತು. ದುಡಿದವನ ಕೂಲಿ ತಡೆದು ಕಟ್ಟಿದ ಸಿರಿ ನಿಲ್ಲಲಾರದು.

ಈ ಕಾರ್ಖಾನೆಗಳು ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ 400 ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿವೆ. ಮಕ್ಕಳನ್ನು ಕಳುಹಿಸುವ ತಾಯಿತಂದೆಗಳು ಮೊದಲು ಅವರಿಗೆ ಕೈಗಾರಿಕಾ ತರಬೇತಿಯನ್ನೋ ಡಿಪ್ಲೊಮಾವನ್ನೋ ಕೊಡಿಸಲಿ. ಕೆಲಸ ಕಾಯಮ್ಮೋ ಗುತ್ತಿಗೆಯೋ, ವೇತನವೆಷ್ಟು, ವಸತಿಯೆಲ್ಲಿ ಎಂದು ಕೇಳಿ ತಿಳಿಯಲಿ. ಕೈಕಸುಬು ಬಲ್ಲ ಮಗಳು ಎಲ್ಲಿದ್ದರೂ ಮನೆಗೆ ಆಸರೆ. ಅಂಥ ಉದ್ಯೋಗ ನಮ್ಮ ನೆಲಕ್ಕೂ ಬರಲೆಂದು ಕೇಳುವ ಹಕ್ಕು ನಮಗಿದೆ, ಕೇಳೋಣ.