ಊಟ ಅಷ್ಟೇ ಇದ್ದರೂ ತೊಡೆ ಸೊರಗುವುದೇಕೆ?

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ದುಡಿದು ನಿವೃತ್ತರಾದ ಹಿರಿಯರೊಬ್ಬರು ಪತ್ನಿಯೊಂದಿಗೆ ನಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ವಯಸ್ಸು 68. ಕುರ್ಚಿಯಿಂದ ಏಳಲು ಎರಡೂ ಕೈ ಊರಬೇಕು. "ಊಟ ಏನೂ ಕಮ್ಮಿ ಮಾಡಿಲ್ಲ ಡಾಕ್ಟ್ರೇ, ಆದ್ರೂ ತೊಡೆ ನೋಡಿ ಹೇಗೆ ಕರಗಿದೆ" ಎಂದರು ಆಕೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳಲ್ಲಿ ದೋಷ ಕಾಣಲಿಲ್ಲ.

ಆಕೆಯ ಮಾತು ಸುಳ್ಳಲ್ಲ. ಸ್ನಾಯುವಿನ ಪ್ರೋಟೀನು ದಿನವೂ ಒಂದಿಷ್ಟು ಒಡೆಯುತ್ತದೆ, ಒಂದಿಷ್ಟು ಹೊಸದಾಗಿ ಕಟ್ಟಿಕೊಳ್ಳುತ್ತದೆ. ನಾವುಂಡ ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳ ರೂಪದಲ್ಲಿ ರಕ್ತ ಸೇರುತ್ತದೆ. ಅವುಗಳಲ್ಲಿ ಲ್ಯೂಸಿನ್ ಎಂಬುದು ಕಟ್ಟುವ ಕೆಲಸ ಆರಂಭಿಸುವಂತೆ ಸ್ನಾಯುವಿಗೆ ಸೂಚನೆ ಕೊಡುತ್ತದೆ. ಹರೆಯದ ಸ್ನಾಯು ಕೂಡಲೇ ಓಗೊಡುತ್ತದೆ. ವಯಸ್ಸಾದ ಸ್ನಾಯುವಿಗೆ ಕಿವಿ ಮಂದ. ಅಷ್ಟೇ ಊಟಕ್ಕೆ ಅದು ಕಟ್ಟುವುದು ಕಡಿಮೆ. ಯುವಕರಿಗೆ ಒಂದು ಹೊತ್ತಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು ಕಾಲು ಗ್ರಾಂ ಪ್ರೋಟೀನು ಸಾಕಾದರೆ, ಹಿರಿಯರಿಗೆ 0.4 ಗ್ರಾಂನಷ್ಟು ಬೇಕಾಗುತ್ತದೆ. ಅಂದರೆ 60 ಕಿಲೋ ತೂಗುವವರಿಗೆ 24 ಗ್ರಾಂ.

ಇವರ ಬೆಳಗಿನ ಎರಡು ಇಡ್ಲಿ, ಕಾಫಿಯಲ್ಲಿ ಸಿಗುವುದು ಆರೇಳು ಗ್ರಾಂ. ಮಧ್ಯಾಹ್ನ ಮುದ್ದೆ, ತಿಳಿಸಾರು; ರಾತ್ರಿ ಮಜ್ಜಿಗೆ ಅನ್ನ. ಮುದ್ದೆ ಒಳ್ಳೆಯದೇ, ನಾನೂ ಉಣ್ಣುತ್ತೇನೆ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿರುವುದು ಸುಮಾರು 7 ಗ್ರಾಂ. ಜೊತೆಗೆ 50 ಗ್ರಾಂ ಹುರುಳಿಕಾಳು ಸೇರಿದರೆ ಇನ್ನೊಂದು 11, ಒಂದು ಲೋಟ ಮೊಸರಿನಿಂದ ಆರು. ಲೆಕ್ಕ ಸರಿಹೋಯಿತು. ಬಸ್ಸಾರು ಮಾಡಿದ ದಿನ ಹಿರಿಯರಿಗೆ ಸಾರಷ್ಟೇ ಬಿಟ್ಟು ಕಾಳಿನ ಪಲ್ಯವನ್ನು ಮಕ್ಕಳಿಗೆ ಬಡಿಸುವ ಮನೆಗಳಿವೆ. ಹಲ್ಲಿಲ್ಲದಿದ್ದರೆ ಕಾಳನ್ನು ಮೆತ್ತಗೆ ಬೇಯಿಸಿ ಮಸೆದು ಕೊಡಿ.

ಊಟವೊಂದೇ ಸಾಲದು. ಮಂದವಾದ ಕಿವಿಯನ್ನು ಚುರುಕುಗೊಳಿಸುವುದು ದುಡಿಮೆ. ಕೆಲಸ ಮಾಡಿದ ಸ್ನಾಯು ನಂತರದ ಊಟವನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ. ಅಮೆರಿಕದಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ ಪ್ರಯೋಗವೊಂದು 1990ರಲ್ಲಿ ಪ್ರಕಟವಾಯಿತು. ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗೂ ಮೀರಿ ಏರಿತ್ತು.

"ದಿನಾ ವಾಕಿಂಗ್ ಹೋಗ್ತೀನಲ್ಲ" ಎಂದರು ನಮ್ಮ ಹಿರಿಯರು. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ತೊಡೆಗೆ ಅಷ್ಟು ಭಾರ ಬೀಳುವುದಿಲ್ಲ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು ಏಳುವುದನ್ನು ಹತ್ತು ಸಲ, ದಿನಕ್ಕೆರಡು ಬಾರಿ ಮಾಡಲು ಹೇಳಿದೆ. ಮೊದಲು ಕೈ ಊರಿ, ಬಲ ಬಂದಂತೆ ಕೈ ಬಿಟ್ಟು. ಮೂರು ತಿಂಗಳಿಗೆ ಕೈ ಊರದೆ ಎದ್ದು ತೋರಿಸಿದರು.

ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಕೆಲವೇ ವಾರಗಳಲ್ಲಿ ತೂಕ ಇಳಿದಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ಪರೀಕ್ಷೆ ಮಾಡಿಸಿ.